ಹದಿನಾಲ್ಕನೆಯ ನಾಣ್ಯ

ನಾಣ್ಯ ಪರೀಕ್ಷಿಸುವಾಕೆ ದೀಪದ ಕೆಳಗೆ ಭೂತಗನ್ನಡಿ ಹಿಡಿದಾಗ ಕಾರ್ಖಾನೆಯಿಂದ ನಿವೃತ್ತನಾದ ಫಿಟ್ಟರ್ ಕುರ್ಚಿಯ ಅಂಚಿಗೆ ಸರಿದ. ನಲವತ್ತು ವರ್ಷ ಎಂಥೆಂಥ ಯಂತ್ರಕ್ಕೂ ಹೆದರದವನು ಈಗ ಒಂದು ಚೂರು ಗಾಜಿಗೆ ಹೆದರಿ ಕುಳಿತಿದ್ದ.

ಪಕ್ಕದಲ್ಲಿ ಮಗಳು. ಅವಳ ಎಡಗೆನ್ನೆ ತುಂಬ ಹುಟ್ಟಿನಿಂದ ಬಂದ ಕೆಂಪು ಮಚ್ಚೆ. ಆರು ವರ್ಷದವಳಿದ್ದಾಗ ಶಾಲೆಯ ಮಕ್ಕಳ ಗೇಲಿ ತಾಳಲಾರದೆ ದಿನವೂ ಬಾಗಿಲ ಹಿಂದೆ ಅವಿತು ಕೂರುತ್ತಿದ್ದವಳ ಅಂಗೈಗೆ ಅವನು ಈ ನಾಣ್ಯ ಇಟ್ಟಿದ್ದ. ಅದರ ಒಂದು ಮುಖದಲ್ಲಿ ಅಕ್ಷರಗಳು ಉಲ್ಟಾ ಒತ್ತಿಕೊಂಡಿದ್ದವು.

"ಟಂಕಸಾಲೇಲೇ ಹೀಗೆ ಹುಟ್ಟಿದ್ದು ಕಣೇ. ಲಕ್ಷಕ್ಕೊಂದು. ಗೊತ್ತಿರೋರು ಇಂಥದ್ದನ್ನೇ ಹುಡುಕ್ಕೊಂಡು ಬರ್ತಾರೆ" ಎಂದಿದ್ದ.

ಆ ಮಾತನ್ನು ನಂಬಿಯೇ ಅವಳು ತಲೆಯೆತ್ತಿ ನಡೆದು ದೊಡ್ಡವಳಾದಳು. ಈಗ ಅಪ್ಪನ ಎಪ್ಪತ್ತನೆಯ ಹುಟ್ಟುಹಬ್ಬಕ್ಕೆ ನಾಣ್ಯಕ್ಕೊಂದು ಸರ್ಟಿಫಿಕೇಟ್ ಮಾಡಿಸಿ, ಚೌಕಟ್ಟು ಹಾಕಿಸುವ ಹುಚ್ಚು ಹತ್ತಿಸಿಕೊಂಡಿದ್ದಳು. ಅವನು ನೂರೆಂಟು ನೆಪ ಹೇಳಿ ನೋಡಿದ. ಕೇಳಿದರೆ ತಾನೆ!

ಪರೀಕ್ಷಕಿ ತಲೆ ಎತ್ತಿದಳು. "ಮಣ್ಣಲ್ಲಿ ಬಿದ್ದು ಕಪ್ಪಾಗಿರೋದು, ಬೆಂಕಿಗೆ ಗುಳ್ಳೆ ಎದ್ದಿರೋದು, ಎಲ್ಲಾನೂ ಟಂಕಸಾಲೆ ತಪ್ಪು ಅಂತ ತರ್ತಾರಮ್ಮ. ಇದು ಹಾಗಲ್ಲ."

ಮಗಳ ಮುಖ ಅರಳಿತು.

"ಆದ್ರೆ ಟಂಕಸಾಲೆ ತಪ್ಪೂ ಅಲ್ಲ. ಅಲ್ಲೇ ಆಗಿದ್ರೆ ಉಲ್ಟಾ ಅಕ್ಷರದ ಕೆಳಗೆ ಮೊದಲಿನ ಚಿತ್ರ ಇರ್ತಿರ್ಲಿಲ್ಲ. ಇಲ್ಲಿ ನೋಡಿ, ಅಪ್ಪಚ್ಚಿಯಾಗಿ ಉಳ್ಕೊಂಡಿದೆ. ಯಾರೋ ಇದರ ಮೇಲೆ ಇನ್ನೊಂದು ನಾಣ್ಯ ಇಟ್ಟು ಕಾರ್ಖಾನೆಯ ಇಕ್ಕಳ, ಅದೇ ವೈಸಲ್ಲಿ ಬಿಗಿದಿದ್ದಾರೆ. ಹಿಂದಿನ ಮುಖ ಕೆಡದ ಹಾಗೆ ಚರ್ಮದ ತುಂಡು ಬೇರೆ ಕೊಟ್ಟಿದ್ದಾರೆ. ಪಳಗಿದ ಕೈ."

ಮಗಳು ಮೆಲ್ಲಗೆ ತಿರುಗಿ ಅಪ್ಪನ ಕೈ ನೋಡಿದಳು. ಅವನಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಮೂವತ್ತು ವರ್ಷ ಅವಳನ್ನು ಎತ್ತಿ ನಿಲ್ಲಿಸಿದ ಮಾತು ಸುಳ್ಳೆಂದು ಅವಳಿಗೆ ಗೊತ್ತಾಗಿಹೋಗಿತ್ತು.

"ಎಷ್ಟು ನಾಣ್ಯ ಹಾಳು ಮಾಡ್ದೆ ಅಪ್ಪ?"

"ಹದಿಮೂರು" ಎಂದ, ತಲೆ ತಗ್ಗಿಸಿಯೇ. "ವಾರವೆಲ್ಲ ಊಟದ ಬಿಡುವಲ್ಲಿ ಕೂತ್ಕೊಂಡು... ಹದಿನಾಲ್ಕನೇದು ಸರಿಯಾಗಿ ಬಂತು. ನೀನು ಅಳೋದು ನೋಡಕ್ಕಾಗ್ಲಿಲ್ಲಮ್ಮ. ಸುಳ್ಳು ಹೇಳಿಬಿಟ್ಟೆ."

ಅವಳ ಕಣ್ಣು ತುಂಬಿ ಬಂತು. ಅವನ ಒರಟು ಅಂಗೈಯನ್ನೆತ್ತಿ ಎಡಗೆನ್ನೆಗೆ ಒತ್ತಿಕೊಂಡಳು.

ಪರೀಕ್ಷಕಿ ಪೆನ್ನು ಹಿಡಿದು ಕಾದಳು. "ಸರ್ಟಿಫಿಕೇಟಲ್ಲಿ ಏನಂತ ಬರೀಲಿ?"

"ಏನೂ ಬೇಡ ಮೇಡಂ" ಎಂದಳು ಮಗಳು, ಮೂಗೊರೆಸಿಕೊಳ್ಳುತ್ತ. "ಇದರ ಟಂಕಸಾಲೆ ಇಲ್ಲೇ ನನ್ನ ಪಕ್ಕದಲ್ಲಿ ಕೂತಿದೆ."