ಹಿಂದಕ್ಕೆ ಮುಖಮಾಡಿದ ಸೀಟು

"ಇವತ್ತು ಏನ್ ಕೇಳಿದ್ರೂ ಮಾಡ್ತೀನಿ. ಗ್ರಹಣಕ್ಕೆ ಬೆನ್ನು ಹಾಕ್ಕೊಂಡು ಕೂತ್ಕೋ ಅಂತ ಮಾತ್ರ ಹೇಳ್ಬೇಡಿ," ಎನ್ನುತ್ತಾ ಗೂಬೆ ದೋಣಿಯಿಂದ ಮರದ ಕಟ್ಟೆಗೆ ಹಾರಿದ.

ಸ್ಕೀ ಆಡುವವರ ಮೇಲೆ ಕಣ್ಣಿಡುವುದು ಆ ಸರೋವರದಲ್ಲಿ ಅವನ ಕೆಲಸ. ದೋಣಿ ಓಡಿಸುವವರು ಮುಂದೆ ನೋಡುತ್ತಾರೆ; ಅವನು ಹಿಂದಕ್ಕೆ ಮುಖಮಾಡಿದ ಸೀಟಿನಲ್ಲಿ ಕೂತು, ಹಗ್ಗದ ತುದಿಯಲ್ಲಿ ನೀರಿನ ಮೇಲೆ ಜಾರಿ ಬರುವವರನ್ನು ರೆಪ್ಪೆ ಬಡಿಯದೆ ನೋಡುತ್ತಾನೆ. ಗೂಬೆ ಎಂಬ ಹೆಸರು ಅವನಿಗೆ ಬಿದ್ದದ್ದೇ ಹಾಗೆ.

"ಗೂಬೆಗೆ ಯಾಕೋ ಸೂರ್ಯ?" ಎಂದು, ಅಕ್ಕನ ಜೊತೆ ಗ್ರಹಣ ನೋಡಲು ಬಂದಿದ್ದ ತಮ್ಮ ಕೆಣಕಿದ. ಅವನು ಆಗಲೇ ತೇಲುವ ಜಾಕೆಟ್ ಬಿಗಿದುಕೊಂಡು, ಉದ್ದನೆಯ ಎರಡು ಸ್ಕೀ ಹಲಗೆಗಳಿಗೆ ಪಾದ ತೂರಿಸಿ ಕಟ್ಟೆಯ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತಿದ್ದ.

"ಹಗಲಲ್ಲೇ ಕತ್ತಲಾಗುತ್ತಲ್ಲ, ಅದಕ್ಕೇ," ಎಂದ ಗೂಬೆ.

ದೋಣಿಯ ಯಜಮಾನರು ದಿಕ್ಕು ತಿರುಗಿಸುವ ಚಕ್ರದ ಮೇಲಿಟ್ಟಿದ್ದ ಕೈ ತೆಗೆದು ತೊಡೆಯ ಮೇಲಿಟ್ಟುಕೊಂಡರು. "ಕಣ್ಣಿಡೋರು ಇಲ್ದೆ ನಾನು ಎಂಜಿನ್ ಮುಟ್ಟಲ್ಲ."

ಅಕ್ಕ ಐದನೆಯ ಸಲ ಗಡಿಯಾರ ನೋಡಿಕೊಂಡಳು. ಎಂಟು ಹತ್ತು. ಚಂದ್ರ ಸೂರ್ಯನನ್ನು ಕಚ್ಚತೊಡಗಿ ಅರ್ಧ ಗಂಟೆ ದಾಟಿತ್ತು. ಕಟ್ಟೆಯ ಹಲಗೆಗಳ ಮೇಲೆ ಅತ್ತಿಂದಿತ್ತ ಓಡಾಡಿ ಅವಳ ಚಪ್ಪಲಿಯ ಪಟ್ಟಿ ಸಡಿಲವಾಗಿತ್ತು. ತಲೆ ಎತ್ತಿದರೆ ತಮ್ಮ ಅವಳನ್ನೇ ನೋಡುತ್ತಿದ್ದ.

"ಅಕ್ಕಾ..."

"ಆಗಲ್ಲ."

"ಇನ್ನೂ ಏನೂ ಕೇಳೇ ಇಲ್ವಲ್ಲ."

"ನೀನು ಆ ರಾಗದಲ್ಲಿ ಅಕ್ಕಾ ಅಂದ್ರೆ ನನ್ನ ಹತ್ರ ಇರೋದು ಏನೋ ಒಂದು ಹೋಯ್ತು ಅಂತಲೇ ಅರ್ಥ."

ಗ್ರಹಣಕ್ಕೂ ಸ್ಕೀಗೂ ಗಂಟು ಹಾಕಿದ್ದು ಅವನೇ. ಚಂದ್ರನ ನೆರಳು ಹಾಯುವ ಪಟ್ಟಿಯನ್ನು ಅಕ್ಕ ಭೂಪಟದ ಮೇಲೆ ಪೆನ್ಸಿಲಿನಲ್ಲಿ ಎಳೆದಿಟ್ಟು ಎರಡು ವರ್ಷವಾಗಿತ್ತು. ಆ ಪಟ್ಟಿಯೊಳಗೆ ಈ ಉದ್ದನೆಯ ಸರೋವರ ಬೀಳುತ್ತದೆಂದು ಬೆರಳಿಟ್ಟು ತೋರಿಸಿದವನು ತಮ್ಮ. "ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ. ನಡಿ, ಹೋಗೋಣ," ಎಂದಿದ್ದ. ವಾರವಿಡೀ ಲಿಫ್ಟಿನ ಬಾವಿಗಳಲ್ಲಿ ಜೋತುಬಿದ್ದು ಗ್ರೀಸು ಮೆತ್ತಿಕೊಳ್ಳುವ ಮೆಕ್ಯಾನಿಕ್ ಅವನು. ರಜೆ ಸಿಕ್ಕಿದರೆ ಸಾಕು, ತಲೆಯ ಮೇಲೆ ಸೂರಿಲ್ಲದ ಕಡೆಗೆ ಓಡುತ್ತಿದ್ದ. ಅವಳು ರಕ್ತಪರೀಕ್ಷೆಯ ಪ್ರಯೋಗಾಲಯದಲ್ಲಿ ಸೂಕ್ಷ್ಮದರ್ಶಕಕ್ಕೆ ಕಣ್ಣು ಹಚ್ಚಿ ಕಣ ಎಣಿಸುವವಳು. ಅಷ್ಟು ವರ್ಷದ ನೌಕರಿಯಲ್ಲಿ ಕಂಡದ್ದಕ್ಕಿಂತ ಒಂದು ಕಣ ಹೆಚ್ಚೆಂದಾಗಲಿ ಕಡಿಮೆಯೆಂದಾಗಲಿ ಬರೆದವಳಲ್ಲ.

ಪೂರ್ಣ ಗ್ರಹಣವನ್ನು ಅವಳು ಕಂಡಿರಲಿಲ್ಲ. ಇಪ್ಪತ್ತನಾಲ್ಕು ವರ್ಷದ ಹಿಂದೆ, ಡಿಗ್ರಿಯ ಕೊನೆಯ ವರ್ಷ, ಗ್ರಹಣ ನೋಡಲು ಹೊರಟ ಕಾಲೇಜಿನ ಬಸ್ಸಿನಲ್ಲಿ ಕಿಟಕಿಯ ಪಕ್ಕ ಅವಳಿಗೊಂದು ಜಾಗವಿತ್ತು. ಹಿಂದಿನ ದಿನ ಏಳು ವರ್ಷದ ತಮ್ಮನ ಮೈತುಂಬ ಸೀತಾಳೆ ಸಿಡುಬು ಎದ್ದಿತು. ಅಮ್ಮನಿಗೆ ಕೆಲಸದಲ್ಲಿ ರಜೆ ಸಿಗಲಿಲ್ಲ. ಬಸ್ಸು ಹೋಯಿತು. ಅಕ್ಕ ಪರದೆ ಎಳೆದ ಕೋಣೆಯಲ್ಲಿ, ಅವನು ಕೆರೆದುಕೊಳ್ಳದ ಹಾಗೆ ಎರಡೂ ಕೈ ಹಿಡಿದುಕೊಂಡು ಕೂತಿದ್ದಳು. ಆ ದಿನ ಮೋಡವಾದರೂ ಕವಿದಿತ್ತೇ ಎಂದು ದೊಡ್ಡವನಾದ ಮೇಲೆ ತಮ್ಮ ಹಲವು ಸಲ ಕೇಳಿದ್ದ. ಕವಿದಿರಲಿಲ್ಲ. ಪ್ರತಿ ಸಲವೂ ಅವಳು ಹಾಗೆಂದೇ ಹೇಳಿದ್ದಳು. ಇವತ್ತಿನದು ತಪ್ಪಿದರೆ ಈ ಕಡೆ ಇನ್ನೊಂದು ಬರುವುದು ನಲವತ್ತೊಂದು ವರ್ಷಕ್ಕೆ. ಆಗ ಅವಳಿಗೆ ಎಂಬತ್ತೇಳು.

"ಗ್ರಹಣದ ವಿಷಯ ನನ್ನ ತಲೆಗೆ ತುಂಬಿದ್ದು ನೀನೇ," ಎಂದ ತಮ್ಮ. "ಗೂಬೆ ಜಾಗದಲ್ಲಿ ಸ್ವಲ್ಪ ಹೊತ್ತು ನೀನು ಕೂತ್ಕೋ. ನೆರಳು ಬರೋದನ್ನ ನೀರಿನ ಮೇಲೆ ನಿಂತು ನೋಡ್ಬೇಕು, ಅಷ್ಟೆ. ಆಮೇಲೆ ನೀನುಂಟು, ನಿನ್ನ ಸೂರ್ಯ ಉಂಟು."

ಅವಳು ಕೆಳತುಟಿ ಕಚ್ಚಿ ಸ್ವಲ್ಪ ಹೊತ್ತು ಲೆಕ್ಕ ಹಾಕಿದಳು. "ಎಂಟು ನಲವತ್ತೆರಡು ಹದಿನಾರು ಸೆಕೆಂಡಿಗೆ ಪೂರ್ತಿ ಮುಚ್ಚುತ್ತೆ. ಇರೋದೇ ಒಂದು ನಿಮಿಷ ಐವತ್ತೆರಡು ಸೆಕೆಂಡು. ಅದಕ್ಕೆ ಒಂದು ನಿಮಿಷ ಮುಂಚೆ ನೀನು ನಿಲ್ಲಿಸ್ತೀಯ."

"ನಿಲ್ಲಿಸ್ತೀನಿ."

"ಒಂದು ನಿಮಿಷ ಅಂದ್ರೆ ಅರವತ್ತು ಸೆಕೆಂಡು. ನಿನ್ನ ಲೆಕ್ಕದ ಒಂದು ನಿಮಿಷ ಅಲ್ಲ."

"ಅಂದ್ನಲ್ಲಕ್ಕಾ."

"ಎರಡು ದೋಣಿ ಮೇಲೆ ಕಾಲಿಟ್ಟಂಗೆ ಆಗುತ್ತೆ ನೋಡಿ," ಎಂದು ಗೂಬೆ ಕಟ್ಟೆಯಿಂದಲೇ ಭವಿಷ್ಯ ನುಡಿದ.

ಅವಳು ದೋಣಿ ಹತ್ತಿ ಅವನ ಸೀಟಿನಲ್ಲಿ ಕೂತಳು. ಯಜಮಾನರು ಪಾಠ ಒಪ್ಪಿಸುವವರಂತೆ ಹೇಳಿದರು. "ನೋಡಮ್ಮಾ, ಅವನು ಹೆಬ್ಬೆರಳು ಮೇಲೆತ್ತಿದ್ರೆ ಇನ್ನೂ ಜೋರಾಗಿ. ಕತ್ತಿನ ಹತ್ರ ಅಂಗೈ ಅಡ್ಡ ಎಳೆದ್ರೆ ನಿಲ್ಸು ಅಂತ. ತಲೆ ತಟ್ಕೊಂಡ್ರೆ ದಡಕ್ಕೆ. ನೀರಿಗೆ ಬಿದ್ರೆ ಬೇರೆ ದೋಣಿಯವರಿಗೆ ಕಾಣೋ ಹಾಗೆ ಈ ಕೆಂಪು ಬಾವುಟ ಎತ್ತಿ ಹಿಡೀರಿ. ಅವನು ಏನ್ ಹೇಳ್ತಾನೋ ಅಷ್ಟು ಮಾತ್ರ ನನಗೆ ಹೇಳಿ. ನಿಮ್ಮದು ಏನೂ ಸೇರಿಸ್ಬೇಡಿ. ನಾನಂತೂ ಹಿಂದೆ ತಿರುಗಲ್ಲ. ಒಂದ್ಸಲ ತಿರುಗಿದ್ದೆ, ಮುಂದೆ ಮರದ ದಿಮ್ಮಿ ತೇಲ್ತಾ ಇತ್ತು." ಅವರ ಎಡಗೈಯ ಎರಡು ಬೆರಳು ಮಡಚುತ್ತಿರಲಿಲ್ಲ.

"ಕಂಡದ್ದನ್ನ ಹೇಳೋದೇ ನನ್ನ ಕೆಲಸ," ಎಂದಳು ಅಕ್ಕ.

ಹಗ್ಗ ಬಿಗಿಯಿತು. ತಮ್ಮ ನೀರನ್ನು ಸೀಳಿಕೊಂಡು ಎದ್ದು ನಿಂತ. ಸರೋವರದ ಉದ್ದಕ್ಕೂ ಹೋಗಿ ಬರುವಾಗ ಅವನು ದೋಣಿಯ ಹಿಂದಿನ ಅಲೆಗಳನ್ನು ಈ ಕಡೆಯಿಂದ ಆ ಕಡೆಗೆ ದಾಟಿದ, ಒಂದು ಕೈ ಬಿಟ್ಟ, ಬಾಗಿ ನೀರನ್ನು ಸವರಿದ. ಅಕ್ಕ ಅವನಿಂದ ಕಣ್ಣು ಕೀಳಲಿಲ್ಲ. ಗ್ರಹಣ ನೋಡುವ ಕನ್ನಡಕ ಹಾಕಿಕೊಂಡರೆ ಸೂರ್ಯನೊಬ್ಬನನ್ನು ಬಿಟ್ಟು ಲೋಕವೆಲ್ಲ ಕಪ್ಪು. ಅದನ್ನು ಮಡಚಿ ಜೇಬಿನಲ್ಲಿಟ್ಟಿದ್ದಳು. ಬೆಳಕು ತೆಳುವಾಗುತ್ತಿರುವುದು ಅವಳಿಗೆ ತಿಳಿದದ್ದು ತನ್ನ ಮೊಣಕಾಲಿನ ಮೇಲೆ. ಅಲ್ಲಿ ಬಿದ್ದ ಕೈಯ ನೆರಳಿನ ಅಂಚು ಬ್ಲೇಡಿನಿಂದ ಕತ್ತರಿಸಿದಷ್ಟು ಹರಿತವಾಗಿತ್ತು. ನೀರಿನ ಬಣ್ಣ ಸೀಸದಂತಾಯಿತು. ಕೂತಲ್ಲೇ ಅವಳ ಪಾದಗಳು ದೋಣಿಯ ತಳವನ್ನು ತಾಳವಿಲ್ಲದೆ ಕುಟ್ಟುತ್ತಿದ್ದವು.

ಕೊನೆಯ ಸಲ ಪಶ್ಚಿಮದ ತುದಿಯಲ್ಲಿ ತಿರುಗಿ ಪೂರ್ವಕ್ಕೆ ಹೊರಟಾಗ ಸೂರ್ಯ ಅವಳ ಬೆನ್ನಿಗೆ ಬಂದ. ಎಂಟು ನಲವತ್ತೊಂದು ಹದಿನಾರು. ಅವಳು ಕೈಯನ್ನು ಕತ್ತಿನ ಮುಂದೆ ಅಡ್ಡ ಎಳೆದು ತೋರಿಸಿದಳು. ನಿಲ್ಲಿಸು.

ತಮ್ಮ ಹೆಬ್ಬೆರಳು ಮೇಲೆತ್ತಿದ.

ಅವನ ಹಿಂದೆ, ದೂರದ ಗುಡ್ಡಗಳ ಮೇಲೆ, ಆಕಾಶಕ್ಕೆ ಯಾರೋ ಶಾಯಿ ಸುರಿಯುತ್ತಿದ್ದರು. ಅವನು ಅದನ್ನು ಹೆಗಲ ಮೇಲಿಂದ ತಿರುಗಿ ನೋಡಿದ, ಮತ್ತೆ ಅಕ್ಕನ ಕಡೆ ನೋಡಿದ. ಬಾಯಿ ತೆರೆದು ನಗುತ್ತಿದ್ದ. ಅವಳು ಇನ್ನೊಮ್ಮೆ ಕತ್ತಿನ ಮುಂದೆ ಕೈ ಎಳೆದಳು. ಅವನು ಇನ್ನೊಮ್ಮೆ ಹೆಬ್ಬೆರಳು ಎತ್ತಿ, ಅದನ್ನು ಗಾಳಿಯಲ್ಲಿ ಎರಡು ಸಲ ಕುಲುಕಿದ.

"ಏನಂತೆ?" ಎಂದರು ಯಜಮಾನರು, ಮುಂದೆ ನೋಡುತ್ತಲೇ.

ಓಡುವ ದೋಣಿಯಲ್ಲಿ, ಅದೂ ಕತ್ತಲಲ್ಲಿ, ಹಗ್ಗ ಹಿಡಿದವನಿಂದ ಕಣ್ಣು ತೆಗೆಯುವ ಹಾಗಿಲ್ಲ. ದೋಣಿ ಓಡಿದರೆ ಅವನಿಗೆ ಗ್ರಹಣ, ನಿಂತರೆ ಅವಳಿಗೆ. ಇಪ್ಪತ್ತೈದು ಸೆಕೆಂಡು ಉಳಿದಿತ್ತು. ಇಪ್ಪತ್ತನಾಲ್ಕು.

"ನಿಲ್ಲಿಸಿ ಅಂತಿದ್ದಾನೆ," ಎಂದಳು.

ಯಜಮಾನರು ತಕ್ಷಣ ಎಂಜಿನ್ ತಗ್ಗಿಸಿದರು. ಹಗ್ಗ ಸಡಿಲಾಯಿತು. ತಮ್ಮನ ಮುಖದಲ್ಲಿದ್ದ ನಗು ಹಾಗೇ ಇತ್ತು, ಅವನು ಮಾತ್ರ ನಿಂತ ಭಂಗಿಯಲ್ಲೇ ಮಂಡಿಯವರೆಗೆ, ಸೊಂಟದವರೆಗೆ, ಎದೆಯವರೆಗೆ ನೀರಿಗಿಳಿದ. ತೇಲುತ್ತಿದ್ದಾನೆ ಎಂಬಷ್ಟನ್ನು ಖಚಿತಮಾಡಿಕೊಂಡು ಅವಳು ಎದ್ದು ಪೂರ್ವಕ್ಕೆ ತಿರುಗಿದಳು.

ಉಳಿದಿದ್ದ ಒಂದು ಎಳೆ ಬೆಳಕು ಮಣಿಮಣಿಯಾಗಿ ಒಡೆದು ಕೊನೆಯ ಮಣಿಯೂ ಆರಿತು. ಸೂರ್ಯನಿದ್ದಲ್ಲಿ ಒಂದು ಕಪ್ಪು ತೂತು. ಸುತ್ತ ಬಿಳಿಯ ಪ್ರಭಾವಲಯ, ಫೋಟೋಗಳಲ್ಲಿ ನೋಡಿದ ಹಾಗೆ ದುಂಡಗಿರದೆ, ಒಂದು ಪಕ್ಕಕ್ಕೆ ಬಾಚಿದ ಕೂದಲಿನಂತೆ ಚಾಚಿಕೊಂಡಿತ್ತು. ಅಂಚಿನಲ್ಲಿ ಮೂರು ಕಡೆ ಗುಲಾಬಿ ಬಣ್ಣದ ಚೂರುಗಳು. ಅವಳು ಎಣಿಸಿದಳು, ಮೂರೇ. ದಿಗಂತದ ಸುತ್ತಲೂ ಮುಂಜಾವಿನ ಕೆಂಪು. ದಡದಲ್ಲಿ ಜನ ಕೂಗುತ್ತಿದ್ದರು.

"ಅಕ್ಕಾ," ಎಂದು ಹಿಂದಿನಿಂದ ಕೇಳಿಸಿತು.

ಅವಳು ತಿರುಗಲಿಲ್ಲ.

"ಅಕ್ಕಾ, ಅಕ್ಕಾ." ದನಿ ಸ್ವಲ್ಪ ಏರಿತ್ತು. ಭಯದ್ದೋ ಸಂತೋಷದ್ದೋ ಎಂದು ಹುಟ್ಟಿದಾಗಿನಿಂದ ಅವನ ದನಿ ಕೇಳಿದವಳಿಗೆ ಗೊತ್ತಾಗಬೇಕಿತ್ತು. ಅವಳು ಅದಕ್ಕೆ ಕಿವಿಗೊಡಲಿಲ್ಲ. ಕಪ್ಪು ತೂತಿನ ಅಂಚಿನಲ್ಲಿ ಉರಿಯ ಹನಿಯೊಂದು ಹೊರಚಿಮ್ಮುವವರೆಗೂ ಅಲ್ಲೇ ನೋಡುತ್ತಾ ನಿಂತಿದ್ದಳು.

ಬೆಳಕು ನೀರಿನ ಮೇಲೆ ಹರಿದು ಬಂದಾಗ ಮೊದಲು ಕಂಡದ್ದು ಕಾಲಬುಡದಲ್ಲಿ ಸುತ್ತಿದಂತೆಯೇ ಬಿದ್ದಿದ್ದ ಕೆಂಪು ಬಾವುಟ. ಆಮೇಲೆ ತಮ್ಮ. ಇಪ್ಪತ್ತು ಮಾರು ದೂರದಲ್ಲಿ ತಲೆ, ಹೆಗಲು ಮಾತ್ರ. ಒಂದು ಸ್ಕೀ ಹಲಗೆ ಕಾಲಿನಿಂದ ಕಳಚಿ ಅವನಿಂದ ದೂರ ತೇಲಿಹೋಗಿತ್ತು. ಅದನ್ನು ಹಿಡಿಯಲು ಅವನು ಒಂಟಿ ಕೈಯಲ್ಲಿ ಈಜುತ್ತಿದ್ದ.

"ಎಂಜಿನ್ ಕೆಟ್ಟೋಯ್ತಾ?" ಎಂದು ಅಲ್ಲಿಂದಲೇ ಕೂಗಿದ.

"ಕೆಡೋದೇನು ಬಂತು? ನೀನೇ ನಿಲ್ಸು ಅಂದ್ಯಂತಲ್ಲ," ಎಂದರು ಯಜಮಾನರು.

ತಮ್ಮ ಹಲಗೆಯನ್ನು ತಬ್ಬಿಕೊಂಡು ಅಕ್ಕನನ್ನು ನೋಡಿದ. ದೋಣಿ ನಿಧಾನಕ್ಕೆ ತಿರುಗುತ್ತಾ ಅವನ ಹತ್ತಿರ ತೇಲಿತು. ಅವನ ತುಟಿ ಚಳಿಗೆ ನೀಲಿಗಟ್ಟಿತ್ತು.

"ಬೆಳಕು ಕಮ್ಮಿ ಇತ್ತಲ್ಲ," ಎಂದ ಅಕ್ಕನಿಗೆ, ಮೆಲ್ಲಗೆ. "ನಾನು ಬೆರಳೆತ್ತಿದ್ದು ಕಾಣಿಸಿರ್ಲಿಕ್ಕಿಲ್ಲ."

ಯಜಮಾನರು ಕೆಮ್ಮಿದರು. ಅಕ್ಕ ದೋಣಿಯ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ಕಾಣಿಸ್ತು. ಎರಡು ಸಲ," ಎಂದಳು.

ಅವನು ಹಲಗೆಯನ್ನು ಕಾಲಿಗೆ ಸಿಕ್ಕಿಸಿಕೊಳ್ಳಲು ಬಾಗಿದ. ಅದು ಎರಡು ಸಲ ಜಾರಿತು, ಮೂರನೆಯದಕ್ಕೆ ಕೂತಿತು. ತಲೆ ಎತ್ತದೆಯೇ ಕೇಳಿದ, "ಪೂರ್ತಿ ನೋಡಿದ್ಯಾ?"

"ಪೂರ್ತಿ."

"ನಾನು ಕೂಗಿದ್ದು?"

"ಅದೂ ಕೇಳಿಸ್ತು."

"ಸುಮ್ನೆ ಕೂಗಿದ್ದು ಕಣೆ," ಎಂದ. "ನೋಡು ಅಂತ."

ಅವಳು ನೀರಿನಲ್ಲಿ ತೇಲುತ್ತಿದ್ದ ಹಗ್ಗವನ್ನು ಎಳೆದುಕೊಂಡು ಅದರ ಹಿಡಿಯನ್ನು ಅವನ ಕಡೆ ಎಸೆದಳು. ಅವನು ಅದನ್ನು ಹಿಡಿದು ಹಿಂದೆ ಸರಿದು, ಎರಡೂ ಹಲಗೆಗಳ ಮೂತಿ ನೀರಿನಿಂದ ಮೇಲೆ ಕಾಣುವ ಹಾಗೆ ಮಂಡಿ ಮಡಚಿಕೊಂಡ. ನಂತರ ಒಂದು ಕೈ ಎತ್ತಿ ತನ್ನ ತಲೆಯನ್ನು ತಟ್ಟಿಕೊಂಡ.

"ದಡಕ್ಕೆ ಅಂತಿದ್ದಾನೆ," ಎಂದಳು ಅಕ್ಕ.

ಎಂಜಿನ್ ಗುರುಗುಟ್ಟುತ್ತಲೇ ಇತ್ತು. ಯಜಮಾನರು ಚಕ್ರ ಬಿಟ್ಟು, ಒಂದು ಕೈಯಿಂದ ಸೀಟಿನ ಬೆನ್ನು ಹಿಡಿದು, ಇಡೀ ಮೈಯನ್ನೇ ಹಿಂದಕ್ಕೆ ತಿರುಗಿಸಿದರು. ಅವಳ ತಲೆಯ ಮೇಲಿಂದ ನೀರಿನ ಕಡೆ ನೋಡುತ್ತಾ ಕೂತರು. ತಮ್ಮ ಇನ್ನೊಮ್ಮೆ ತಲೆ ತಟ್ಟಿಕೊಂಡ. ಅವರು ಮುಂದಕ್ಕೆ ತಿರುಗಿದರು, ಮಡಚದ ಎರಡು ಬೆರಳಿನ ಕೈಯಿಂದ ಎಂಜಿನ್ನಿನ ಸನ್ನೆಕೋಲನ್ನು ದೂಡಿದರು. ಹಗ್ಗ ನೀರಿನಿಂದ ಮೇಲೆದ್ದು, ಉದ್ದಕ್ಕೂ ಹನಿಗಳನ್ನು ಉದುರಿಸುತ್ತಾ, ಬಿಗಿಯತೊಡಗಿತು.