ಗಡಿಯಾರ ಬೀಳಿಸಿದ್ದು ನಾನೇ

ನಿವೃತ್ತಿಗೆ ಎಂಟು ತಿಂಗಳಿರುವಾಗ, ನಕ್ಷೆ ಕಚೇರಿಯ ಗುಮಾಸ್ತರು ಒಂದು ಬೆಳಗ್ಗೆ ಹಲ್ಲುಜ್ಜುತ್ತಾ ನಿಂತವರು, ಬಾಯಿಯ ನೊರೆಯನ್ನೂ ಉಗಿಯದೆ ಹೆಂಡತಿಗೆ ಹೇಳಿದರು: "ಹನ್ನೊಂದು ವರ್ಷದ ಹಿಂದೆ ಆಫೀಸಲ್ಲಿ ಗೋಡೆ ಗಡಿಯಾರ ಬಿತ್ತಲ್ಲ, ಅದನ್ನ ಬೀಳಿಸಿದ್ದು ನಾನೇ."

ಹೆಂಡತಿ ಬಟ್ಟೆ ಮಡಿಸುತ್ತಿದ್ದರು. "ಗೊತ್ತು. ವಾರಕ್ಕೆರಡು ಸಲ ನಿದ್ದೇಲಿ ಹೇಳ್ತೀರಲ್ಲ. ನನ್ನ ಹತ್ರ ಹೇಳಿ ಏನು ಬಂತು? ಹೇಳಬೇಕಾದೋರ ಹತ್ರ ಹೇಳಿ."

ನಡೆದದ್ದು ಇಷ್ಟು. ಆ ಗಡಿಯಾರ ಐದು ನಿಮಿಷ ಹಿಂದಿತ್ತು. ಊಟದ ಹೊತ್ತಲ್ಲಿ ಯಾರೂ ಇಲ್ಲದಾಗ ಗುಮಾಸ್ತರು ಕುರ್ಚಿ ಹತ್ತಿ ಮುಳ್ಳು ಸರಿಮಾಡಲು ಹೋದರು. ಕೈಜಾರಿತು. ಹೆದರಿ ಪಕ್ಕದ ಉಗ್ರಾಣಕ್ಕೆ ನುಗ್ಗಿ ಬಾಗಿಲು ಹಾಕಿಕೊಂಡರು. ಸದ್ದು ಕೇಳಿ ಓಡಿಬಂದ ಜವಾನ ಪೊರಕೆ ಹಿಡಿದು ಗಾಜು ಗುಡಿಸುತ್ತಿರುವಾಗ ಆಗಿನ ಸಾಹೇಬರು ಬಂದರು. "ನೀನೇನಾ?" ಎಂದು ಗುಡುಗಿದರು. ಜವಾನನ ಬಾಯಿ ಕಟ್ಟಿಹೋಯಿತು. ಅವನನ್ನು ಶಿಕ್ಷೆಯಾಗಿ ಕಚೇರಿಯ ಹಿಂದಿನ ಕಲ್ಲುಮಣ್ಣಿನ ಅಂಗಳಕ್ಕೆ ಅಟ್ಟಿದರು. ಅಲ್ಲಿ ಮಾಡಲು ಏನೂ ಇಲ್ಲದೆ ಅವನು ಒಂದು ಗಿಡ ನೆಟ್ಟ. ಈಗ ಅಲ್ಲಿ ಮುನ್ನೂರು ಗಿಡಗಳಿದ್ದವು, ಎಲ್ಲರೂ ಅವನನ್ನು ಮಾಲಿ ಎಂದೇ ಕರೆಯುತ್ತಿದ್ದರು.

ಗುಮಾಸ್ತರು ಅಂದೇ ಕಚೇರಿಯ ಈಗಿನ ಮುಖ್ಯಾಧಿಕಾರಿ ಮೇಡಂ ಎದುರು ನಿಂತು ತಪ್ಪೊಪ್ಪಿಕೊಂಡರು. ಮೇಡಂ ಈ ಕಚೇರಿಗೆ ಬಂದು ಎರಡೇ ವರ್ಷವಾಗಿತ್ತು. ಹಳೆಯ ಕಡತ ತರಿಸಿ, ಧೂಳು ಊದಿ, ಕೊನೆಯ ಹಾಳೆ ಓದಿದರು.

"ತಪ್ಪಿತಸ್ಥರ ಜಾಗ ಭರ್ತಿ ಆಗಿದೆ ಕಣ್ರೀ. ಖಾಲಿ ಇಲ್ಲ."

"ಅದು ತಪ್ಪು ಭರ್ತಿ, ಮೇಡಂ."

"ಹಾಗಾದ್ರೆ ಬರೆದು ಕೊಡಿ. ಯೋಚನೆ ಮಾಡಿ ಕೊಡಿ."

ಗುಮಾಸ್ತರು ಮೊದಲು ಮಾಲಿಯ ಬಳಿ ಹೋದರು. ಅವನು ಗುಲಾಬಿ ಗಿಡಕ್ಕೆ ಕೋಲು ಕಟ್ಟುತ್ತಿದ್ದ. ವಿಷಯ ಕೇಳಿದ್ದೇ ದಾರ ಕೆಳಗೆ ಹಾಕಿ ಎದ್ದುನಿಂತ.

"ಕುರ್ಚಿ ಮೇಲೆ ನಿಮ್ಮ ಚಪ್ಪಲಿ ಗುರುತಿತ್ತು ಸಾರ್. ಅವತ್ತೇ ಗೊತ್ತಿತ್ತು. ದಮ್ಮಯ್ಯ, ಯಾರಿಗೂ ಹೇಳಬೇಡಿ."

"ನಿನ್ನ ಮೇಲಿನ ಕಳಂಕ ಹೋಗುತ್ತಲ್ಲೋ."

"ಕಳಂಕ ಹೋದ್ರೆ ನನ್ನ ಒಳಗೆ ಕರ್ಕೋತಾರೆ ಸಾರ್."

ಗುಮಾಸ್ತರಿಗೆ ಅತ್ತ ದರಿ ಇತ್ತ ಪುಲಿ ಎಂಬಂತಾಯಿತು. ಮನೆಗೆ ಬಂದು ಹೆಂಡತಿಯ ಮುಂದೆ ಕೂತು, "ಅವನ ಒಳ್ಳೇದಕ್ಕಾದ್ರೂ ಸುಮ್ನಿದ್ದು ಬಿಡ್ಲಾ?" ಎಂದರು.

"ಹನ್ನೊಂದು ವರ್ಷ ಅವರ ಒಳ್ಳೇದಕ್ಕೆ ಸುಮ್ನಿದ್ರಾ? ಹೆದರಿ ಸುಮ್ನಿದ್ರಿ. ಈಗ ಅದಕ್ಕೆ ಒಳ್ಳೇ ಹೆಸರು ಹುಡುಕ್ತಿದೀರಿ," ಎಂದರು ಹೆಂಡತಿ, ನೀರಿನ ಲೋಟ ಮುಂದಿಡುತ್ತಾ.

ಮರುದಿನ ಗುಮಾಸ್ತರು ಬರೆದುಕೊಟ್ಟರು. ಸುದ್ದಿ ತಿಳಿದ ಮಾಲಿ ತಾನೂ ಒಂದು ಹಾಳೆ ಕೊಟ್ಟ: ಗಡಿಯಾರ ಬೀಳಿಸಿದ್ದು ನಾನೇ, ಗುಮಾಸ್ತರಿಗೆ ವಯಸ್ಸಾಗಿ ಮರೆವು ಬಂದಿದೆ. ಮೇಡಂ ಎರಡೂ ಹಾಳೆಗಳನ್ನು ಮೇಜಿನ ಮೇಲೆ ಅಕ್ಕಪಕ್ಕ ಇಟ್ಟು ಮತ್ತೊಮ್ಮೆ ಓದಿದರು. ಅವರ ಇಪ್ಪತ್ತು ವರ್ಷದ ಸರ್ವೀಸಿನಲ್ಲಿ ಯಾರೂ ಯಾವ ತಪ್ಪನ್ನೂ ಒಪ್ಪಿಕೊಂಡಿರಲಿಲ್ಲ. ಈಗ ಒಂದು ಗಡಿಯಾರಕ್ಕೆ ಇಬ್ಬರು.

ಮೂವರ ವಿಚಾರಣಾ ಸಮಿತಿ ಕೂತಿತು. ಇಬ್ಬರೂ ಪಟ್ಟು ಬಿಡಲಿಲ್ಲ. ಕೊನೆಗೆ, ಮಾಡಿ ತೋರಿಸಲಿ ಎಂದು ತೀರ್ಮಾನವಾಯಿತು. ಹೊಸ ಗಡಿಯಾರ ತರಿಸಿ, ಅದೇ ಮೊಳೆಗೆ ನೇತುಹಾಕಿ, ಕೆಳಗೆ ಕುರ್ಚಿ ಇಟ್ಟರು.

ಮೊದಲು ಮಾಲಿ ಹತ್ತಿದ. "ಬೀಳಿಸಪ್ಪ," ಎಂದರು ಸಮಿತಿಯವರು. ಅವನು ಗಡಿಯಾರ ಕೈಗೆ ತೆಗೆದುಕೊಂಡ, ಹೆಗಲ ಮೇಲಿನ ಬಟ್ಟೆಯಿಂದ ಗಾಜು ಒರೆಸಿದ, ಸೊಟ್ಟಗಾಗದಂತೆ ನೋಡಿ ಮತ್ತೆ ಮೊಳೆಗೆ ಹಾಕಿದ. ಇನ್ನೊಂದು ಸಲ ಎಂದರು. ಆಗಲೂ ಅಷ್ಟೇ. ಬೆವರು ಒರೆಸಿಕೊಂಡು ಇಳಿದ.

ಗುಮಾಸ್ತರು ಹತ್ತಿದರು. ಗಡಿಯಾರಕ್ಕೆ ಕೈ ಚಾಚಿದರು. ಸಮಿತಿಯವರು ಬೀಳಿಸಿ ಎನ್ನುವ ಮೊದಲೇ ಅದು ಬಿದ್ದಾಗಿತ್ತು.

ತೀರ್ಪು ಬಂತು. ಮಾಲಿ ನಿರಪರಾಧಿ, ಅವನನ್ನು ಸಕಲ ಗೌರವದಿಂದ ಒಳಗೆ ತೆಗೆದುಕೊಳ್ಳತಕ್ಕದ್ದು. ಗುಮಾಸ್ತರು ನಿವೃತ್ತಿಯವರೆಗೆ ತೋಟದ ಕೆಲಸ ಮಾಡತಕ್ಕದ್ದು.

ಮಾಲಿಗೆ ಫ್ಯಾನಿನ ಕೆಳಗೆ ಮೆತ್ತೆ ಹಾಕಿದ ಕುರ್ಚಿ ಸಿಕ್ಕಿತು. ಹೋಗಿ ಬರುವವರೆಲ್ಲ ಅವನಿಗೆ ಕೈಮುಗಿದರು. ಅವನು ಯಾರನ್ನೂ ಮಾತನಾಡಿಸದೆ ಕಿಟಕಿಯ ಕಡೆ ಮುಖ ಮಾಡಿ ಕೂತ. ಹೊರಗೆ ಗುಮಾಸ್ತರು ನಡುಮಧ್ಯಾಹ್ನ ನೀರು ಹುಯ್ಯುತ್ತಿದ್ದರು, ಕತ್ತರಿಸಬಾರದ್ದನ್ನು ಕತ್ತರಿಸುತ್ತಿದ್ದರು. ಎದೆಯ ಮೇಲಿನ ಭಾರವೇನೋ ಇಳಿದಿತ್ತು. ಆದರೆ ಎರಡನೇ ವಾರಕ್ಕೆ ಗುಲಾಬಿಗಳು ತಲೆ ಬಾಗಿಸಿದಾಗ, ಆ ಭಾರ ಯಾರ ಹೆಗಲಿಗೆ ಹೋಯಿತೆಂದು ಅವರಿಗೆ ಕಾಣಿಸಿತು.

"ಬೇರಿಗೆ ಹಾಕಿ ಸಾರ್, ಎಲೆಗಲ್ಲ," ಎಂದು ಕಿಟಕಿಯಿಂದ ಮಾಲಿ ಕೂಗಿದ. ತೀರ್ಪಿನ ನಂತರ ಅವನು ಆಡಿದ ಮೊದಲ ಮಾತು ಅದು.

ಗುಮಾಸ್ತರು ಕಿಟಕಿಯ ಬಳಿ ಬಂದರು. ಮಾಲಿಯ ಕೈಯಲ್ಲಿ ಗಾಜಿನ ಲೋಟವಿತ್ತು.

"ಇದನ್ನ ಒಡೆದ್ರೆ ಮತ್ತೆ ತೋಟಕ್ಕೆ ಹಾಕ್ತಾರೆ ಅಂತ ಮೂರು ದಿನದಿಂದ ಹಿಡ್ಕೊಂಡು ಕೂತಿದೀನಿ ಸಾರ್. ಕೈ ಬಿಡ್ತಿಲ್ಲ."

"ಒಡೀಬೇಡ. ಬಾಯಿಬಿಟ್ಟು ಕೇಳು."

"ಶಿಕ್ಷೆ ಕೊಡಿ ಅಂತ ಯಾರಾದ್ರೂ ಕೇಳ್ತಾರಾ?"

"ನಾನು ಕೇಳಲಿಲ್ವಾ?"

ಇಬ್ಬರೂ ಕೂಡಿಯೇ ಮೇಡಂ ಬಳಿ ಹೋದರು. ಮೇಡಂ ಕನಿಕರದಿಂದಲೇ ಕೇಳಿದರು, ಆದರೆ ಆಗದೆಂದು ತಲೆ ಆಡಿಸಿದರು. "ತೋಟದ ಕೆಲಸ ಶಿಕ್ಷೆ ಅಂತ ದಾಖಲೆಯಲ್ಲಿದೆ. ತಪ್ಪು ಮಾಡದೋರಿಗೆ ಹೇಗಪ್ಪ ಕೊಡ್ಲಿ?"

ಇಬ್ಬರೂ ಬಾಗಿಲವರೆಗೆ ಹೋದಾಗ ಮಾಲಿ ತಿರುಗಿ ಮೇಜಿನ ಬಳಿ ಬಂದ.

"ಮೇಡಂ, ವಿಚಾರಣೆಗೆ ನಾನು ಸುಳ್ಳು ಬರ್ಕೊಟ್ಟೆ. ಸಾರ್‌ಗೆ ಮರೆವು ಅಂತಾನೂ ಬರೆದೆ. ಅದು ತಪ್ಪಲ್ವಾ?"

ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ತಪ್ಪೇ," ಎಂದರು. "ದೊಡ್ಡ ತಪ್ಪು." ಆಮೇಲೆ ಪೆನ್ನು ತೆಗೆದುಕೊಂಡು, ಕಟ್ಟುನಿಟ್ಟಿನ ಎಚ್ಚರಿಕೆಯೊಂದಿಗೆ, ಅವನನ್ನು ಸೇವೆ ಮುಗಿಯುವವರೆಗೆ ತೋಟಕ್ಕೆ ಹಾಕಿ ಆದೇಶ ಬರೆದರು.

ಮಾಲಿ ಮೆತ್ತೆಯ ಕುರ್ಚಿಯ ಕಡೆ ತಿರುಗಿಯೂ ನೋಡಲಿಲ್ಲ. ನೆಟ್ಟಗೆ ಅಂಗಳಕ್ಕೆ ಹೋಗಿ ಗುಲಾಬಿಗಳ ಮುಂದೆ ಕುಕ್ಕರಗಾಲಲ್ಲಿ ಕೂತು, ಒಣಗಿದ್ದನ್ನು ಒಂದೊಂದಾಗಿ ಕಿತ್ತು ಗುಮಾಸ್ತರ ಕೈಗೆ ಕೊಡತೊಡಗಿದ.

"ನಾಳೆಯಿಂದ ಏಳಕ್ಕೆ ಬನ್ನಿ ಸಾರ್. ಬಿಸಿಲೇರಿದ ಮೇಲೆ ನೀರು ಹಾಕಿದ್ರೆ ನನ್ನ ಹತ್ರ ಬೈಸ್ಕೋತೀರಿ."

"ಆಯ್ತಪ್ಪ," ಎಂದರು ಗುಮಾಸ್ತರು. ಮರುದಿನ ಅವರು ಆರೂ ಮುಕ್ಕಾಲಿಗೇ ಬಂದರು. ಮಾಲಿ ಆಗಲೇ ಅರ್ಧ ಸಾಲು ಅಗೆದು ಮುಗಿಸಿದ್ದ.