ಉಳಿವೆಪ್ಪನ ಪಥ್ಯ

“ನಿನ್ನ ಮಿರ್ಚಿ ತಿಂದೇ ಸತ್ತಾರ ನನ್ನ ಗಂಡ! ಅವರ ಮೈ ಮುಟ್ಟಬ್ಯಾಡ!”

ದಾನವ್ವ ಗಂಡನ ಅಕ್ಕ ನೀಲಾಂಬಿಕಾಳ ಕೈಯಿಂದ ವಿಭೂತಿ ಗಟ್ಟಿ ಕಿತ್ತುಕೊಂಡಳು. ಪಡಸಾಲೆಯ ಗೋಡೆಗೆ ಆನಿಸಿ ಕೂರಿಸಿದ್ದ ಉಳಿವೆಪ್ಪನ ಕುತ್ತಿಗೆ ತುಸು ವಾಲಿತ್ತು. ಮುಖವೆಲ್ಲ ಅರಿಸಿನ ಬಳಿದಂತೆ ಹಳದಿ. ನಸುಕಿನಲ್ಲಿ ಜೀವ ಹೋಗಿತ್ತು, ಮಧ್ಯಾಹ್ನ ಮಣ್ಣು.

“ಹೆಣದ ಮುಂದ ಮಿರ್ಚಿ ಜಗಳ ಏನ್ರವಾ?” ಎಂದ ಪಕ್ಕದ ಮನೆಯ ನಾಗಪ್ಪ. “ಯಾರರೆ ಒಬ್ರು ವಿಭೂತಿ ಹಚ್ರಿ. ಸ್ವಾಮಿಗಳು ಕಾಯಾಕತ್ತಾರ.”

“ನಾ ಹಚ್ಚತೇನಿ. ಉಪ್ಪಿಲ್ಲದ ಅನ್ನ ಉಣಿಸಿ ಪಥ್ಯಾ ಮಾಡಿಸಿದಾಕಿ ನಾನು. ಇಕಿ ಹಿರೇಕೆರೂರಾಗ ಕುಂತು ಎಣ್ಣ್ಯಾಗ ಕರದದ್ದು ತಿನಿಸಿದ್ಲು.”

*

ಗಂಡನ ಕಣ್ಣು ಹಳದಿಯಾದ ದಿನವೇ ದಾನವ್ವ ಕಾಮಣಿ ಎಂದು ತೀರ್ಮಾನಿಸಿದ್ದಳು. ಬೆಳಕು ಹರಿಯುವ ಮೊದಲೇ ನೆಲನೆಲ್ಲಿ ಸೊಪ್ಪು ಕಿತ್ತು ತಂದು, ಅರೆದು, ಮಜ್ಜಿಗೆಯಲ್ಲಿ ಕಲಸಿ ಕೊಡುವಳು. ಅಕ್ಕಿಆಲೂರಿನ ರೈಸ್‌ಮಿಲ್ಲಿನಲ್ಲಿ ಚೀಲ ಹೊತ್ತು ಬದುಕಿದ ಆಳು, ಮುಖ ಕಿವುಚದೆ ಗಟಗಟ ಕುಡಿದು ಲೋಟ ಬೋರಲು ಹಾಕುತ್ತಿದ್ದ.

ಆದರೆ ಹಿರೇಕೆರೂರಿನ ಸಂತೆಯ ದಿನ ಅಕ್ಕನ ಮನೆ ಬೇಕೇಬೇಕು. ಒಮ್ಮೆ ಅಂಗಿ ಒಗೆಯುವಾಗ ಕಿಸೆಯಲ್ಲಿ ಎಣ್ಣೆಯ ಕಲೆ, ಜೊತೆಗೆ ನಾಲ್ಕು ಮಂಡಕ್ಕಿ. ಬೇರೆ ಹೆಂಗಸಿನ ಕೂದಲು ಸಿಕ್ಕಿದ್ದರೂ ಅವಳಿಗೆ ಅಷ್ಟು ಉರಿಯುತ್ತಿರಲಿಲ್ಲ.

“ಅಲ್ಲಿ ಹ್ವಾದ್ರ ತಿಂದು ನಗತೀರಿ. ಇಲ್ಲಿ ಬಂದ್ರ ಮಾರಿ ಗಂಟ ಹಾಕ್ಕೋತೀರಿ.”

ಉಳಿವೆಪ್ಪ ಆಚೆ ಮಗ್ಗುಲಾದ.

*

“ತಿನಿಸಿದ್ದು ಹೌದು!” ನೀಲಾಂಬಿಕಾಳ ದನಿ ಏರಿತು. “ಸಂತಿ ಅಂತ ನಿನಗ ಸುಳ್ಳು ಹೇಳಿ ಬಂದ, ನಾನ ಹುಬ್ಬಳ್ಳಿ ದವಾಖಾನಿಗೆ ಕರಕೊಂಡು ಹೋಗಿದ್ದೆ. ಬರೂವಾಗ ಮಿರ್ಚಿ ಕೇಳಿದ, ಕೊಡಿಸಿದೆ. ಅದು ಕಾಮಣಿ ಅಲ್ಲ ಹುಚ್ಚಿ, ಕ್ಯಾನ್ಸರ್! ಪಿತ್ತದ ಕೊಳವ್ಯಾಗ ಆಗಿತ್ತು.”

“ಸುಳ್ಳು.”

“ತುಣುಕು ತಗದು ಪರೀಕ್ಷಾ ಮಾಡ್ಯಾರ. ಕುರಿ ಮೈಮ್ಯಾಲ ಬಣ್ಣದ ಗುರುತು ಹಾಕಿರತಾರಲ್ಲ, ಹಂಗ ಕ್ಯಾನ್ಸರ್ ಕಣದ ಮೈಮ್ಯಾಲೂ ಗುರುತು ಇರತಾವಂತ. ಇವನವು ನೋಡಿ ಡಾಕ್ಟರ್ ಅಂದ್ರು, ಇವು ಒಂದ ಕಡೆ ನಿಂದ್ರೂವಲ್ಲ, ಸ್ಕ್ಯಾನಿನ್ಯಾಗ ನೋಡಿದ್ರ ಆಗಲೇ ಲಿವರ್ ತುಂಬ ಹರಡ್ಯಾವ, ಇನ್ನ ಕೊಯ್ದೂ ಉಪಯೋಗಿಲ್ಲ ಅಂತ.”

ದಾನವ್ವನ ಕಿವಿಗೆ ಕಣವೂ ಬೀಳಲಿಲ್ಲ, ಗುರುತೂ ಬೀಳಲಿಲ್ಲ.

“ನಿನಗ ಹೇಳ್ಯಾರ,” ಎಂದಳು. “ನನಗ ಹೇಳಿಲ್ಲ.”

“ಹೇಳೋ ಅಂತ ಬೈದೆ. ‘ಅಕಿ ಸೊಪ್ಪು ಅರಿಯೂದು ಬಿಟ್ರ ಆ ಕೈ ಏನ್ ಮಾಡಬೇಕಕ್ಕಾ’ ಅಂದ.” ನೀಲಾಂಬಿಕಾ ಸೆರಗಿನಿಂದ ಮೂಗು ಒರೆಸಿಕೊಂಡಳು. “ಉಪಯೋಗಿಲ್ಲಂತ ಗೊತ್ತಿದ್ದೂ ನಿನ್ನ ಕಹಿ ಲೋಟ ಖಾಲಿ ಮಾಡ್ದ. ನಾ ಕೊಡಿಸಿದ ಮಿರ್ಚಿ ಅರ್ಧಾ ತಿಂದು ಇಟ್ಟ. ಹೊಟ್ಟಿಕಿಚ್ಚು ನಿನಗೊಬ್ಬಾಕಿಗೇ ಐತಿ ಅಂತ ತಿಳದಿಯೇನು?”

ಅಷ್ಟಂದು ಅಂಗಳಕ್ಕಿಳಿದು ಚಪ್ಪಲಿ ಮೆಟ್ಟಿದಳು.

“ಅಕ್ಕಾರ, ಮಣ್ಣಿಗರೆ ನಿಂದ್ರಿ!” ನಾಗಪ್ಪ ಓಣಿಯವರೆಗೆ ಹಿಂದೆ ಹೋದ. ಆಕೆ ತಿರುಗಿ ನೋಡಲಿಲ್ಲ. ರಸ್ತೆಯಲ್ಲಿ ಬಸ್ಸು ನಿಂತ ಸದ್ದು, ಹೊರಟ ಸದ್ದು. ನಾಗಪ್ಪ ಒಬ್ಬನೇ ಮರಳಿ ಬಂದ.

ದಾನವ್ವ ವಿಭೂತಿ ತೋಯಿಸಿ ಗಂಡನ ಹಳದಿ ಹಣೆಯ ಮೇಲೆ ಮೂರು ಬೆರಳು ಎಳೆದಳು. ನಸುಕಿನಲ್ಲೇ ಅರೆದಿಟ್ಟ, ಅವನು ಕುಡಿಯದೆ ಹೋದ ಸೊಪ್ಪಿನ ರಸ ಬೆರಳಸಂದಿಯಲ್ಲಿ ಒಣಗಿತ್ತು. ಬಿಳಿ ಗೆರೆಗಳಿಗೆ ಹಸಿರು ಹತ್ತಿತು. ಸೆರಗಿನಿಂದ ಒರೆಸಿ ಮತ್ತೆ ಎಳೆದಳು. ಮತ್ತೆ ಹಸಿರು.